ಕೊಕೊರಿಕೊ ಎಂಬ ಕೂಗಿನ ದ್ವೀಪ

ಫ್ರಾನ್ಸಿನ ಪಶ್ಚಿಮ ಕರಾವಳಿಯಲ್ಲಿ, ಶಾರಾಂತ್ ನದಿ ಅಟ್ಲಾಂಟಿಕ್ ಸಾಗರ ಸೇರುವ ಕಡೆ, ಒಲೆರಾನ್ ಎಂಬ ದ್ವೀಪವಿದೆ. ಉದ್ದ ಸುಮಾರು 34 ಕಿಲೋಮೀಟರ್, ವಿಸ್ತೀರ್ಣ ಸುಮಾರು 175 ಚದರ ಕಿಲೋಮೀಟರ್. ಯುರೋಪಿನೊಳಗಿನ ಫ್ರೆಂಚ್ ದ್ವೀಪಗಳಲ್ಲಿ ಕಾರ್ಸಿಕಾ ಬಿಟ್ಟರೆ ಇದೇ ದೊಡ್ಡದು. ಒಂದು ಕಾಲಕ್ಕೆ ಇಲ್ಲಿಗೆ ಹೋಗಬೇಕಾದರೆ ಹಡಗೇ ಗತಿಯಾಗಿತ್ತು. 1966ರಲ್ಲಿ ಸುಮಾರು ಮೂರು ಕಿಲೋಮೀಟರ್ ಉದ್ದದ ಸೇತುವೆ ಸಿದ್ಧವಾದ ಮೇಲೆ ಮೋಟಾರು ಹತ್ತಿದವರು ಕೆಲವೇ ನಿಮಿಷಗಳಲ್ಲಿ ಸಮುದ್ರ ದಾಟಿ ದ್ವೀಪದೊಳಗೆ ಇಳಿಯುತ್ತಾರೆ.

ದ್ವೀಪದ ನೆಲ ಬಹುಪಾಲು ಸಮತಟ್ಟು. ದ್ರಾಕ್ಷಿ ತೋಟ, ಪೈನ್ ಮರಗಳ ಕಾಡು, ಮರಳ ದಂಡೆ, ಸುಣ್ಣ ಬಳಿದ ಗಿಡ್ಡ ಮನೆಗಳು, ಇವು ಇಲ್ಲಿನ ನೋಟ. ಹಿಂದೆ ಉಪ್ಪಿನಾಗರಗಳಾಗಿದ್ದ ಹೊಂಡಗಳಲ್ಲಿ ಇಂದು ಆಯ್ಸ್ಟರ್ ಸಿಂಪಿಗಳನ್ನು ಬೆಳೆಸುತ್ತಾರೆ. ಉತ್ತರ ಕನ್ನಡದ ಕರಾವಳಿಯವರು ಕಲ್ವ ಎಂದು ಕರೆಯುವ ಜಾತಿಯ ಜೀವಿ ಇದು. ಹೊಂಡದ ನೀರಿನಲ್ಲಿರುವ ಒಂದು ಬಗೆಯ ಸೂಕ್ಷ್ಮ ಪಾಚಿಯನ್ನು ತಿಂದು ಈ ಸಿಂಪಿಗಳ ಕಿವಿರು ಹಸಿರಾಗುತ್ತದೆ, ಆ ಹಸಿರಿಗೇ ಬೆಲೆ ಹೆಚ್ಚು. ದ್ವೀಪದ ವಾಯವ್ಯ ತುದಿಯಲ್ಲಿ ಕಪ್ಪು ಬಿಳುಪು ಪಟ್ಟೆಗಳ ಶಾಸಿರೋಂ ದೀಪಸ್ತಂಭವಿದೆ. ಅದರ 224 ಮೆಟ್ಟಿಲು ಹತ್ತಿದವರಿಗೆ ಇಡೀ ಕರಾವಳಿ ಕಾಣಿಸುತ್ತದೆ. ದೂರದ ನೀರಿನ ನಡುವೆ ನೆಪೋಲಿಯನ್ ಕಾಲದಲ್ಲಿ ಆರಂಭವಾಗಿ 1857ರಲ್ಲಿ ಮುಗಿದ ಬೊಯಾರ್ ಕೋಟೆ ಕಲ್ಲಿನ ಹಡಗಿನಂತೆ ನಿಂತಿದೆ.

ಒಲೆರಾನ್ ಹೆಸರು ಕಾನೂನಿನ ಚರಿತ್ರೆಯಲ್ಲಿ ಹಳೆಯದು. ಮಧ್ಯಯುಗದಲ್ಲಿ ಯುರೋಪಿನ ಪಶ್ಚಿಮ ಕಡಲಿನ ನಾವಿಕರು ಪಾಲಿಸುತ್ತಿದ್ದ ಕಟ್ಟಳೆಗಳಿಗೆ ‘ಒಲೆರಾನ್ ಸುರುಳಿಗಳು’ ಎಂದೇ ಹೆಸರು. 12ನೆಯ ಶತಮಾನದ ರಾಣಿ ಎಲಿನಾರಳ ಹೆಸರಿನೊಡನೆ ಸಂಪ್ರದಾಯ ಅವನ್ನು ಜೋಡಿಸುತ್ತದೆ. ಬಿರುಗಾಳಿಯಲ್ಲಿ ಸರಕನ್ನು ಕಡಲಿಗೆ ಎಸೆದರೆ ನಷ್ಟ ಯಾರದು, ನಡುದಾರಿಯಲ್ಲಿ ಕಾಯಿಲೆ ಬಿದ್ದ ನಾವಿಕನನ್ನು ನೋಡಿಕೊಳ್ಳುವ ಹೊಣೆ ಯಾರದು ಎಂಬಂಥ ಪ್ರಶ್ನೆಗಳಿಗೆ ಅವು ಉತ್ತರ ಹೇಳುತ್ತಿದ್ದವು.

ಹಡಗಿನ ನ್ಯಾಯಕ್ಕೆ ಹೆಸರಾಗಿದ್ದ ಈ ದ್ವೀಪ 2019ರಲ್ಲಿ ಬೇರೆಯದೇ ಒಂದು ವ್ಯಾಜ್ಯದಿಂದ ಲೋಕದ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಈ ಸಲ ದೂರು ಬಂದದ್ದು ಒಂದು ಹುಂಜದ ಮೇಲೆ. ಹೆಸರು ಮೊರೀಸ್. ಊರು ದ್ವೀಪದ ಮುಖ್ಯ ಪಟ್ಟಣವಾದ ಸ್ಯಾಂ ಪಿಯೆರ್. ಅಪರಾಧ, ಬೆಳಗಿನ ಜಾವ ‘ಕೊಕೊರಿಕೊ’ ಎಂದು ಕೂಗಿದ್ದು.

ಹುಂಜ ಕೂಗುವುದು ಎಲ್ಲ ದೇಶಗಳಲ್ಲೂ ಉಂಟು. ನೆರೆಹೊರೆಯವರ ಜಗಳವೂ ಎಲ್ಲ ದೇಶಗಳಲ್ಲೂ ಉಂಟು. ಆದರೂ ಮೊರೀಸನ ಮೊಕದ್ದಮೆ ಇಡೀ ಫ್ರಾನ್ಸನ್ನು ಏಕೆ ಕಲಕಿತು ಎಂಬುದು ತಿಳಿಯಬೇಕಾದರೆ ಮೊದಲು ಆ ಕೂಗಿನ ಪದವನ್ನೇ ಸ್ವಲ್ಪ ಬಿಡಿಸಿ ನೋಡಬೇಕು.

ಒಂದು ಕೂಗು, ಹಲವು ಕಿವಿ

ಕನ್ನಡದ ಮಕ್ಕಳ ಕಿವಿಗೆ ಹುಂಜ ‘ಕೊಕ್ಕೊಕ್ಕೋ’ ಎನ್ನುತ್ತದೆ. ಇಂಗ್ಲಿಷರಿಗೆ ಅದು ‘ಕಾಕ್ ಅ ಡೂಡಲ್ ಡೂ’, ಜರ್ಮನರಿಗೆ ‘ಕಿಕೆರಿಕಿ’, ರಷ್ಯನ್ನರಿಗೆ ‘ಕುಕರೆಕು’, ಜಪಾನೀಯರಿಗೆ ‘ಕೊಕೆಕೊಕ್ಕೋ’. ಫ್ರೆಂಚರಿಗೆ ‘ಕೊಕೊರಿಕೊ’. ಹುಂಜಗಳೇನೂ ದೇಶಕ್ಕೊಂದು ಭಾಷೆ ಕಲಿತಿಲ್ಲ. ಪ್ರತಿಯೊಂದು ಭಾಷೆಯೂ ತನ್ನಲ್ಲಿರುವ ಸ್ವರವ್ಯಂಜನಗಳಲ್ಲಿ ಆ ಕೂಗಿಗೆ ಹತ್ತಿರವಾದವನ್ನು ಆರಿಸಿಕೊಂಡು ಪದ ಕಟ್ಟುತ್ತದೆ. ಇಷ್ಟು ವ್ಯತ್ಯಾಸದ ನಡುವೆಯೂ ಈ ಎಲ್ಲ ಪದಗಳು ‘ಕ’ಕಾರದಿಂದಲೇ ಆರಂಭವಾಗುವುದು ಗಮನಾರ್ಹ. ಸಂಸ್ಕೃತದ ‘ಕುಕ್ಕುಟ’, ಫ್ರೆಂಚಿನಲ್ಲಿ ಹುಂಜಕ್ಕೆ ಇರುವ ‘ಕೊಕ್’ ಎಂಬ ಹೆಸರು, ಇವೂ ಕೂಗಿನಿಂದಲೇ ಹುಟ್ಟಿದ ಪದಗಳು.

ಕೂಗನ್ನು ಅನುಕರಿಸುವ ಪದ ಎಲ್ಲರಲ್ಲಿದ್ದರೂ ಅದನ್ನು ಬಳಸುವ ರೀತಿ ಬೇರೆ ಬೇರೆ. ಕನ್ನಡದಲ್ಲಿ ಕೋಳಿ ಕೂಗು ಕಾಲಸೂಚಕವಾಯಿತು. ಗಡಿಯಾರವಿಲ್ಲದ ಮನೆಗಳಲ್ಲಿ ‘ಕೋಳಿ ಕೂಗುವ ಹೊತ್ತಿಗೆ ಎದ್ದು’ ಎಂದರೆ ಸಾಕಾಗಿತ್ತು. ಇಂಗ್ಲಿಷಿನಲ್ಲಿ ಕೋಳಿ ಕೂಗುವುದಕ್ಕೆ ಇರುವ ಕ್ರಿಯಾಪದಕ್ಕೆ ಬಡಾಯಿ ಕೊಚ್ಚಿಕೊಳ್ಳುವುದು ಎಂಬ ಅರ್ಥವೂ ಸೇರಿಕೊಂಡಿತು. ಫ್ರೆಂಚಿನಲ್ಲಿ ‘ಕೊಕೊರಿಕೊ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ರಾಷ್ಟ್ರಾಭಿಮಾನದ ಉದ್ಗಾರವಾಯಿತು. ಫ್ರೆಂಚ್ ವಿಜ್ಞಾನಿಗೆ ನೊಬೆಲ್ ಬಂದರೆ, ಫ್ರೆಂಚ್ ಸಿನಿಮಾಕ್ಕೆ ಹೊರದೇಶದಲ್ಲಿ ಪ್ರಶಸ್ತಿ ಬಂದರೆ, ಕಾಲ್ಚೆಂಡಿನಲ್ಲಿ ಕಪ್ ಗೆದ್ದರೆ ‘ಕೊಕೊರಿಕೊ!’ ಎನ್ನುವುದು ಅಲ್ಲಿನ ವಾಡಿಕೆ. ಇದರಲ್ಲಿ ಹೆಮ್ಮೆ ಎಷ್ಟಿದೆಯೋ ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವ ಗುಣವೂ ಅಷ್ಟೇ ಇದೆ. ಅತಿಯಾಗಿ ದೇಶದ ಹೊಗಳಿಕೆ ಮಾಡುವವನನ್ನು ಕುರಿತು ‘ಕೊಕೊರಿಕೊ ಮಾಡುತ್ತಿದ್ದಾನೆ’ ಎಂದರೆ ಅದು ಚುಚ್ಚುಮಾತು.

ಈ ಅರ್ಥದ ಬೇರು ಲ್ಯಾಟಿನ್ ಭಾಷೆಯ ಒಂದು ಶ್ಲೇಷೆಯಲ್ಲಿದೆ. ಇಂದಿನ ಫ್ರಾನ್ಸಿನ ಭೂಭಾಗಕ್ಕೆ ರೋಮನ್ನರು ‘ಗಾಲ್’ ಎನ್ನುತ್ತಿದ್ದರು. ಅಲ್ಲಿಯವನು ‘ಗಾಲ್ಲುಸ್’. ಹುಂಜಕ್ಕೂ ಅವರ ಮಾತಿನಲ್ಲಿ ‘ಗಾಲ್ಲುಸ್’ ಎಂದೇ ಹೆಸರು. ಹಾಡುಗಾರನೆಂದು ಬೀಗುತ್ತಿದ್ದ ನೀರೋ ಚಕ್ರವರ್ತಿಯ ವಿರುದ್ಧ ಕ್ರಿ.ಶ. 68ರಲ್ಲಿ ಗಾಲ್ ಪ್ರಾಂತ್ಯ ದಂಗೆ ಎದ್ದಾಗ, ಅವನ ಹಾಡಿಗೆ ‘ಗಾಲ್ಲುಸ್’ಗಳೂ ಎಚ್ಚೆತ್ತವು ಎಂದು ರೋಮಿನ ಜನ ಗೋಡೆಬರಹದಲ್ಲಿ ಕುಟುಕಿದ್ದನ್ನು ಚರಿತ್ರೆಕಾರ ಸ್ಯುಟೋನಿಯಸ್ ದಾಖಲಿಸಿದ್ದಾನೆ. ಹೀಗೆ ಹೊರಗಿನವರು ತಮಾಷೆಗೆ ಅಂಟಿಸಿದ ಹೆಸರನ್ನು ಶತಮಾನಗಳು ಕಳೆದಂತೆ ಫ್ರೆಂಚರು ತಮ್ಮದನ್ನಾಗಿ ಮಾಡಿಕೊಂಡರು.

ಮಹಾಕ್ರಾಂತಿಯ ಕಾಲದಲ್ಲಿ ಹುಂಜ ಜನರ ಚಿಹ್ನೆಯಾಯಿತು. ನೆಪೋಲಿಯನ್ನನಿಗೆ ಅದು ರುಚಿಸಲಿಲ್ಲ. ಬಲವಿಲ್ಲದ ಹಕ್ಕಿ ಸಾಮ್ರಾಜ್ಯಕ್ಕೆ ತಕ್ಕುದಲ್ಲವೆಂದು ಅವನು ಹದ್ದನ್ನು ಆರಿಸಿದ. 1830ರಲ್ಲಿ ಲೂಯಿ ಫಿಲಿಪ್ ದೊರೆಯ ಕಾಲಕ್ಕೆ ಹುಂಜ ಮರಳಿ ಬಂದು ರಾಷ್ಟ್ರೀಯ ರಕ್ಷಣಾ ದಳದ ಬಾವುಟದ ಮೇಲೂ ಸಮವಸ್ತ್ರದ ಗುಂಡಿಗಳ ಮೇಲೂ ಕುಳಿತಿತು. ಇಂದಿಗೂ ಅಧ್ಯಕ್ಷರ ಎಲಿಸೆ ಅರಮನೆಯ ತೋಟದ ಬಾಗಿಲ ಮೇಲೆ ಬಂಗಾರ ಬಣ್ಣದ ಹುಂಜವಿದೆ. ರಾಷ್ಟ್ರೀಯ ಕಾಲ್ಚೆಂಡು ತಂಡದವರ ಅಂಗಿಯ ಎದೆಯ ಮೇಲೆ ಹುಂಜವಿದೆ. ಚರ್ಚುಗಳ ಶಿಖರಗಳ ಮೇಲೆ ಗಾಳಿಗೆ ತಿರುಗುವ ಲೋಹದ ಹುಂಜಗಳಿವೆ. 2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚು ಹೊತ್ತಿ ಉರಿದು ಶಿಖರ ಕುಸಿದಾಗ ಅದರ ತುದಿಯಲ್ಲಿದ್ದ ತಾಮ್ರದ ಹುಂಜ ನುಗ್ಗುನುರಿಯಾಗಿ ಮರುದಿನ ಅವಶೇಷಗಳ ನಡುವೆ ಸಿಕ್ಕಿತು. 2023ರ ಡಿಸೆಂಬರಿನಲ್ಲಿ ಹೊಸ ಶಿಖರದ ಮೇಲೆ ಹೊಸ ಹುಂಜವನ್ನು ಕೂರಿಸಲಾಯಿತು.

ಸಂವಿಧಾನದಲ್ಲಿ ಮಾತ್ರ ಹುಂಜದ ಹೆಸರಿಲ್ಲ. ಅಲ್ಲಿರುವುದು ತ್ರಿವರ್ಣ ಧ್ವಜ, ರಾಷ್ಟ್ರಗೀತೆ, ಧ್ಯೇಯವಾಕ್ಯ, ಭಾಷೆ. ಹುಂಜಕ್ಕೆ ಮನ್ನಣೆ ಸಿಕ್ಕಿರುವುದು ರೂಢಿಯಿಂದ. ಕಾಲು ತಿಪ್ಪೆಯಲ್ಲಿ ಹೂತಿದ್ದರೂ ಹಾಡುವ ಹಕ್ಕಿ ಅದೊಂದೇ ಆದ್ದರಿಂದ ಅದನ್ನು ಆರಿಸಿಕೊಂಡೆವು ಎಂಬ ನಗೆಮಾತೂ ಫ್ರೆಂಚರಲ್ಲಿ ಬಳಕೆಯಲ್ಲಿದೆ.

ಹಕ್ಕಿ ಹೇಳುವುದೇನು?

ಜನ ಆ ಕೂಗಿಗೆ ಕೊಟ್ಟ ಅರ್ಥ ಇದಾಯಿತು. ಹುಂಜದ ಮಟ್ಟಿಗೆ ಅದರ ಅರ್ಥವೇನು ಎಂಬುದು ಬೇರೆ ಪ್ರಶ್ನೆ.

ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿ, ಊರಿನವರ ಮೇಲೆ ಮುನಿಸಿಕೊಂಡು ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದ ಅಜ್ಜಿಯ ಕಥೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಫ್ರಾನ್ಸಿನಲ್ಲಿ ಎಡ್ಮಂಡ್ ರೊಸ್ತಾಂ ಬರೆದು 1910ರಲ್ಲಿ ಪ್ಯಾರಿಸ್ಸಿನಲ್ಲಿ ರಂಗಕ್ಕೆ ಬಂದ ‘ಶಾಂತಕ್ಲೇರ್’ ನಾಟಕದಲ್ಲಿ ಹುಂಜವೇ ಹಾಗೆ ನಂಬಿರುತ್ತದೆ. ಒಂದು ದಿನ ಅದು ಮೈಮರೆತಿದ್ದಾಗ ಸೂರ್ಯ ತನ್ನ ಪಾಡಿಗೆ ತಾನು ಹುಟ್ಟಿಬಿಡುತ್ತಾನೆ. ಎರಡು ದೂರದ ನಾಡುಗಳ ಕಲ್ಪನೆ ಒಂದೇ ಹಕ್ಕಿಯ ಮೇಲೆ ಒಂದೇ ಪ್ರಶ್ನೆ ಎತ್ತಿದೆ. ಕೂಗು ಮೊದಲೋ ಬೆಳಕು ಮೊದಲೋ?

ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಶಿಮ್ಮುರಾ ಮತ್ತು ಯೋಶಿಮುರಾ ಎಂಬ ವಿಜ್ಞಾನಿಗಳು 2013ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಅವರು ಹುಂಜಗಳನ್ನು ಹಗಲು ರಾತ್ರಿಯ ಭೇದವೇ ಇಲ್ಲದ ಮಂದ ಬೆಳಕಿನ ಕೋಣೆಯಲ್ಲಿ ಇಟ್ಟು ನೋಡಿದರು. ಹೊರಗಿನ ಸುಳಿವು ಯಾವುದೂ ಇಲ್ಲದಿದ್ದರೂ ಅವು ಹೆಚ್ಚುಕಡಿಮೆ 24 ಗಂಟೆಗೊಮ್ಮೆ, ಬೆಳಗಾಗಬೇಕಾದ ಹೊತ್ತಿಗೆ ಕೂಗಿದವು. 12 ಗಂಟೆ ಬೆಳಕು, 12 ಗಂಟೆ ಕತ್ತಲೆ ಎಂಬ ಏರ್ಪಾಡಿನಲ್ಲಿ ದೀಪ ಹೊತ್ತುವುದಕ್ಕೆ ಸುಮಾರು ಎರಡು ಗಂಟೆ ಮೊದಲೇ ಕೂಗು ಶುರುವಾಗುತ್ತಿತ್ತು. ಅಂದರೆ ಹುಂಜ ಬೆಳಕನ್ನು ಕಂಡು ಕೂಗುವುದಷ್ಟೇ ಅಲ್ಲ, ಅದರ ಮೈಯೊಳಗೇ ಒಂದು ಗಡಿಯಾರವಿದ್ದು ಬೆಳಕು ಬರುವುದನ್ನು ಮುಂಚೆಯೇ ಲೆಕ್ಕ ಹಾಕುತ್ತದೆ. ದಾರಿಯಲ್ಲಿ ಹೋಗುವ ಮೋಟಾರಿನ ದೀಪಕ್ಕೂ ಇನ್ನೊಂದು ಹುಂಜದ ಕೂಗಿಗೂ ಅದು ಓಗೊಡುವುದುಂಟು, ಆದರೆ ಆ ಓಗೊಡುವಿಕೆಯೂ ಬೆಳಗಿನ ಜಾವದಲ್ಲೇ ಹೆಚ್ಚು.

2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಮತ್ತೂ ಸ್ವಾರಸ್ಯದ್ದು. ಒಟ್ಟಿಗಿರುವ ಹುಂಜಗಳಲ್ಲಿ ಎಲ್ಲಕ್ಕಿಂತ ಮೇಲಿನ ಸ್ಥಾನದ್ದು ಮೊದಲು ಕೂಗುತ್ತದೆ. ಎರಡನೆಯ ಸ್ಥಾನದ್ದು ಆಮೇಲೆ, ಮೂರನೆಯದು ಅದರ ನಂತರ. ಮೊದಲನೆಯದನ್ನು ಬೇರೆಡೆಗೆ ಒಯ್ದರೆ ಎರಡನೆಯದು ಮೊದಲು ಕೂಗುವ ಹಕ್ಕನ್ನು ವಹಿಸಿಕೊಳ್ಳುತ್ತದೆ. ಹುಂಜ ಕೂಗುವುದು ಮನುಷ್ಯರನ್ನು ಎಬ್ಬಿಸುವುದಕ್ಕಲ್ಲ. ‘ಈ ಜಾಗ ನನ್ನದು, ನಾನು ಇಲ್ಲಿದ್ದೇನೆ’ ಎಂದು ಉಳಿದ ಹುಂಜಗಳಿಗೆ ಸಾರುವುದಕ್ಕೆ.

ಕೂಗಿನ ಜೋರೂ ಕಡಿಮೆಯದಲ್ಲ. ಬೆಲ್ಜಿಯಂನ ಆಂಟ್‌ವರ್ಪ್ ಮತ್ತು ಗೆಂಟ್ ವಿಶ್ವವಿದ್ಯಾಲಯಗಳ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ, ಹುಂಜದ ಕಿವಿಯ ಬಳಿ ಸದ್ದು 100 ಡೆಸಿಬಲ್ ಮೀರಿತ್ತು. ಅಷ್ಟು ಸದ್ದಿಗೆ ಅದರ ಕಿವಿಯೇ ಏಕೆ ಕೆಡುವುದಿಲ್ಲ? ಕೂಗಲು ಕೊಕ್ಕನ್ನು ಪೂರ್ತಿ ತೆರೆದಾಗ ಕಿವಿಯ ದಾರಿ ತಾನಾಗಿ ಮುಚ್ಚಿಕೊಳ್ಳುತ್ತದೆ. ತಮಟೆ ಸದ್ದಿಗೆ ಮಕ್ಕಳು ಕಿವಿಗೆ ಬೆರಳಿಡುವಂತೆ ಹುಂಜ ಕೂಗುವಾಗಲೆಲ್ಲ ತನ್ನ ಕಿವಿಗೆ ತಾನೇ ಬಿರಡೆ ಹಾಕಿಕೊಳ್ಳುತ್ತದೆ. ಆ ಸೌಲಭ್ಯ ಪಕ್ಕದ ಮನೆಯವರಿಗಿಲ್ಲ. ಮೊರೀಸನ ಮೊಕದ್ದಮೆ ಹುಟ್ಟಿದ್ದು ಅಲ್ಲಿಯೇ.

ರೋಶ್‌ಫೋರ್ ನ್ಯಾಯಾಲಯದಲ್ಲಿ

ಒಲೆರಾನ್‌ನಲ್ಲಿರುವ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ವರ್ಷವಿಡೀ ವಾಸದ ಮನೆಗಳಲ್ಲ, ರಜೆಯ ಮನೆಗಳು. ಬೇಸಿಗೆ ಬಂದಿತೆಂದರೆ ದೂರದ ಪಟ್ಟಣಗಳ ಜನ ಬಂದಿಳಿದು ದ್ವೀಪದ ಜನಸಂಖ್ಯೆ ಹಲವು ಪಟ್ಟಾಗುತ್ತದೆ. ಅವರಿಗೆ ಬೇಕಾದದ್ದು ಕಡಲು, ಮರಳು ಮತ್ತು ನಿಶ್ಶಬ್ದ. ಲಿಮೋಜ್ ಕಡೆಯ ವಯಸ್ಸಾದ ದಂಪತಿಗಳು ಸ್ಯಾಂ ಪಿಯೆರ್‌ನಲ್ಲಿ ಇಂಥದೊಂದು ಮನೆ ಹೊಂದಿದ್ದರು. ಪಕ್ಕದಲ್ಲಿ ದಶಕಗಳಿಂದ ದ್ವೀಪದಲ್ಲೇ ನೆಲೆಸಿದ ಮಹಿಳೆಯೊಬ್ಬರ ಮನೆ. ಅವರ ಹಿತ್ತಲಲ್ಲಿ ಮೊರೀಸ್. ಬೆಳಗಿನ ನಿದ್ದೆ ಕೆಡುತ್ತದೆ ಎಂದು ದಂಪತಿಗಳು 2017ರಲ್ಲಿ ಆಕ್ಷೇಪ ಎತ್ತಿದರು. ಮಾತಿನಲ್ಲಿ ಮುಗಿಯದ ತಕರಾರು ನ್ಯಾಯಾಲಯಕ್ಕೆ ಹೋಯಿತು.

2019ರ ಜುಲೈ 4ರಂದು ಕರಾವಳಿಯ ರೋಶ್‌ಫೋರ್ ಪಟ್ಟಣದ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಮೊರೀಸ್ ಖುದ್ದಾಗಿ ಹಾಜರಾಗಲಿಲ್ಲ, ಅವನ ಪರವಾಗಿ ಅಭಿಮಾನಿಗಳು ಬಂದರು. ಅವನನ್ನು ಕೂಗಲು ಬಿಡಿ ಎಂಬ ಮನವಿಗೆ ಲಕ್ಷಕ್ಕೂ ಮೀರಿ ಸಹಿ ಬಿದ್ದಿತ್ತು. ದೂರುದಾರರ ಕಡೆಯವರ ವಾದದಲ್ಲೂ ಹುರುಳಿಲ್ಲದೆ ಇರಲಿಲ್ಲ. ಇದು ಹಳ್ಳಿಯಲ್ಲ, ಸಾವಿರಾರು ಜನರಿರುವ ಪಟ್ಟಣ, ಇಲ್ಲಿ ನಿದ್ದೆ ಮಾಡುವ ಹಕ್ಕು ಎಲ್ಲರಿಗೂ ಇದೆ ಎಂದು ಅವರು ಹೇಳಿದರು. ನಿದ್ದೆಗೆಟ್ಟವರ ಸಂಕಟ ಸಣ್ಣದೆನ್ನಲಾಗದು. ಫ್ರೆಂಚ್ ಕಾನೂನಿನಲ್ಲಿ ನೆರೆಯ ಸದ್ದನ್ನು ಅಳೆಯುವಾಗ ಅದು ಎಷ್ಟು ಹೊತ್ತು, ಎಷ್ಟು ಸಲ, ಎಷ್ಟು ಜೋರು ಎಂಬುದನ್ನು ನೋಡುತ್ತಾರೆ.

ಸೆಪ್ಟೆಂಬರ್ 5ರಂದು ತೀರ್ಪು ಬಂತು. ದೂರು ವಜಾ ಆಯಿತು. ಮೇಲಾಗಿ ದೂರುದಾರರೇ ಹುಂಜದ ಒಡತಿಗೆ 1000 ಯೂರೋ ಪರಿಹಾರ ಕೊಡಬೇಕೆಂದು ನ್ಯಾಯಾಲಯ ಹೇಳಿತು. ಮೊರೀಸನ ಕೂಗು ಉಳಿಯಿತು.

ಕೋಳಿಗಳು ಫ್ರೆಂಚ್ ನ್ಯಾಯಾಧೀಶರ ಮುಂದೆ ಬಂದದ್ದು ಇದೇ ಮೊದಲೇನಲ್ಲ. 1995ರಲ್ಲಿ ರಿಯೋಂ ಪಟ್ಟಣದ ಮೇಲ್ಮನವಿ ನ್ಯಾಯಾಲಯ ಇಂಥದೇ ತಕರಾರನ್ನು ತೀರ್ಮಾನಿಸುತ್ತ, ಕೋಳಿಯನ್ನು ಪಳಗಿಸುವುದು ಚೀನಾದ ಸರ್ಕಸ್ಸಿನವರಿಗೂ ಸಾಧ್ಯವಾಗಿಲ್ಲ ಎಂದು ಹಾಸ್ಯವಾಗಿ ಬರೆದಿತ್ತು. ಆದರೆ ಎಲ್ಲ ತಕರಾರುಗಳೂ ನಗೆಯಲ್ಲಿ ಮುಗಿಯುವುದಿಲ್ಲ. 2020ರ ಮೇ ತಿಂಗಳಲ್ಲಿ ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತ್ಯದಲ್ಲಿ ಮಾರ್ಸೆಲ್ ಎಂಬ ಹುಂಜವನ್ನು, ಕೂಗು ಸಹಿಸದ ನೆರೆಯವನು ಕೊಂದೇ ಹಾಕಿದ. ಅದೇ ವರ್ಷದ ಡಿಸೆಂಬರಿನಲ್ಲಿ ಅವನಿಗೆ ಶಿಕ್ಷೆಯಾಯಿತು.

ಸದ್ದು ಮತ್ತು ವಾಸನೆಗೂ ಕಾನೂನು

ಹುಂಜವೊಂದೇ ಅಲ್ಲ, ಕಪ್ಪೆಗಳ ವಟಗುಟ್ಟುವಿಕೆ, ಹಸುವಿನ ಕೊರಳ ಗಂಟೆ, ಚರ್ಚಿನ ಗಂಟೆ, ಗೊಬ್ಬರದ ವಾಸನೆ, ಹೀಗೆ ಹಳ್ಳಿಯ ಬದುಕಿನ ಒಂದೊಂದರ ಮೇಲೂ ದೂರುಗಳು ಬರುತ್ತಿದ್ದವು. 2019ರ ಮೇ ತಿಂಗಳಲ್ಲಿ ನೈಋತ್ಯ ಫ್ರಾನ್ಸಿನ ಗಾಜಾಕ್ ಎಂಬ ಸಣ್ಣ ಊರಿನ ಮೇಯರ್ ಬಹಿರಂಗ ಪತ್ರ ಬರೆದು, ಹಳ್ಳಿಯ ಸದ್ದುಗಳನ್ನು ರಾಷ್ಟ್ರದ ಪರಂಪರೆಯೆಂದು ಗುರುತಿಸಬೇಕು ಎಂದು ಕೇಳಿದರು. ಮೊರೀಸನ ಸುದ್ದಿ ಆ ಬೇಡಿಕೆಗೆ ಬಲ ಕೊಟ್ಟಿತು. ಸಂಸತ್ತಿನ ಎರಡೂ ಸದನಗಳ ಒಪ್ಪಿಗೆ ಪಡೆದು 2021ರ ಜನವರಿ 29ರಂದು ಫ್ರೆಂಚ್ ಗ್ರಾಮಾಂತರದ ‘ಇಂದ್ರಿಯ ಪರಂಪರೆ’ಯನ್ನು ಕಾಪಾಡುವ ಕಾನೂನು ಜಾರಿಗೆ ಬಂತು. ನಿಸರ್ಗದ ತಾಣಗಳಿಗೆ ವಿಶಿಷ್ಟವಾದ ಸದ್ದು ಮತ್ತು ವಾಸನೆ ಕೂಡ ರಾಷ್ಟ್ರದ ಸ್ವತ್ತಿನ ಭಾಗ ಎಂದು ಪರಿಸರ ಸಂಹಿತೆಯಲ್ಲಿ ಸೇರಿಸಲಾಯಿತು. ಆಯಾ ಪ್ರದೇಶದ ಇಂಥ ಗುರುತುಗಳನ್ನು ಅಧ್ಯಯನ ಮಾಡಿ ದಾಖಲಿಸುವ ಕೆಲಸವನ್ನು ಪರಂಪರೆಯ ಇಲಾಖೆಗಳಿಗೆ ವಹಿಸಲಾಯಿತು. 2024ರ ಏಪ್ರಿಲ್ 15ರ ಇನ್ನೊಂದು ಕಾನೂನು, ತಾವು ಬಂದು ನೆಲೆಸುವ ಮೊದಲೇ ಕ್ರಮಬದ್ಧವಾಗಿ ನಡೆಯುತ್ತಿದ್ದು, ಆಮೇಲೂ ಹಾಗೆಯೇ ಮುಂದುವರಿದ ಚಟುವಟಿಕೆಯ ಮೇಲೆ ಹೊಸಬರು ಪರಿಹಾರ ಕೇಳುವಂತಿಲ್ಲ ಎಂದು ಹೇಳಿತು.

ಇಲ್ಲಿ ಹಕ್ಕಿಯ ಅರ್ಥವೂ ಜನರ ಅರ್ಥವೂ ಒಂದೆಡೆ ಕೂಡುತ್ತವೆ. ಹುಂಜ ಕೂಗಿದರೆ ಅದರ ಅರ್ಥ ‘ಈ ಜಾಗ ನನ್ನದು’. ಫ್ರೆಂಚರು ‘ಕೊಕೊರಿಕೊ’ ಎಂದರೂ ಅರ್ಥ ಹೆಚ್ಚುಕಡಿಮೆ ಅದೇ. ಒಲೆರಾನ್‌ನಲ್ಲಿ ನಡೆದ ವಾದವೂ ಕೊನೆಗೆ ಅದೇ ಆಗಿತ್ತು: ದ್ವೀಪ ಯಾರದು? ವರ್ಷವಿಡೀ ಅಲ್ಲಿ ಬದುಕುವವರದೋ, ಕೆಲವು ವಾರ ವಿಶ್ರಾಂತಿಗೆ ಬರುವವರದೋ? ಕಪ್ ಗೆದ್ದಾಗ ‘ಕೊಕೊರಿಕೊ’ ಎಂದು ಸಂಭ್ರಮಿಸುವ ದೇಶ, ನಿಜವಾದ ಹುಂಜ ಹಿತ್ತಲಲ್ಲಿ ಕೂಗಿದರೆ ಸಹಿಸದೆ ಹೋದರೆ ಆ ಪದಕ್ಕೆ ಉಳಿಯುವ ಬೆಲೆ ಏನು ಎಂಬ ಪ್ರಶ್ನೆ ಜನರ ಮನಸ್ಸನ್ನು ತಟ್ಟಿತು. ಕಾನೂನು ಎಷ್ಟೇ ಬಂದರೂ ನೆರೆಹೊರೆಯವರು ಬೇಲಿಯ ಬಳಿ ನಿಂತು ಆಡುವ ಎರಡು ಒಳ್ಳೆಯ ಮಾತಿನ ಕೆಲಸವನ್ನು ಅದು ಮಾಡಲಾರದು ಎಂಬುದೂ ಅಷ್ಟೇ ನಿಜ.

ಫ್ರಾನ್ಸಿಗೂ ಕರ್ನಾಟಕಕ್ಕೂ ಈ ಹಕ್ಕಿಯ ಮೂಲಕವೇ ಒಂದು ನಂಟುಂಟು. ಮಲೆನಾಡಿನ ಕಾಡುಗಳಲ್ಲಿ ಕೂಗುವ ಬೂದು ಕಾಡುಕೋಳಿಯ ವೈಜ್ಞಾನಿಕ ಹೆಸರು ‘ಗ್ಯಾಲಸ್ ಸೊನ್ನೆರಾಟಿ’. ಮೊದಲ ಪದ ರೋಮನ್ನರ ಅದೇ ‘ಗಾಲ್ಲುಸ್’. ಎರಡನೆಯದು 18ನೆಯ ಶತಮಾನದಲ್ಲಿ ಭಾರತದಲ್ಲಿ ಸಂಚರಿಸಿದ ಫ್ರೆಂಚ್ ನಿಸರ್ಗತಜ್ಞ ಪಿಯೆರ್ ಸೊನ್ನೆರಾನ ನೆನಪಿಗೆ ಇಟ್ಟದ್ದು. ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿಯಾದರೂ, ಅನೇಕ ಸಾಕುಕೋಳಿಗಳ ಕಾಲು ಮತ್ತು ಚರ್ಮದ ಹಳದಿ ಬಣ್ಣದ ಜೀನ್ ಈ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹೀಗಾಗಿ ಯುರೋಪಿನ ಎಷ್ಟೋ ಹಿತ್ತಲುಗಳ ಹಳದಿ ಕಾಲಿನ ಕೋಳಿಗಳಲ್ಲಿ ದಕ್ಷಿಣ ಭಾರತದ ಕಾಡಿನ ಪಾಲೂ ಇದೆ.

ಗೆದ್ದ ಮೊರೀಸ್ ಹೆಚ್ಚು ದಿನ ಬದುಕಲಿಲ್ಲ. 2020ರಲ್ಲಿ ಕಾಯಿಲೆಯಿಂದ ಸತ್ತುಹೋಯಿತು. ಅದರ ಒಡತಿ ಇನ್ನೊಂದು ಹುಂಜವನ್ನು ತಂದು ಎರಡನೆಯ ಮೊರೀಸ್ ಎಂದು ಹೆಸರಿಟ್ಟರು.

ಕೋಳಿ ಕೂಗು ಇನ್ನೂ ಕಿವಿಗೆ ಬೀಳುವ ಊರುಗಳ ವಿದ್ಯಾರ್ಥಿಗಳು ಒಂದು ಸಣ್ಣ ಪ್ರಯೋಗ ಮಾಡಬಹುದು. ಒಂದು ವಾರ ಕಾಲ ಮೊದಲ ಕೂಗು ಕೇಳಿದ ಹೊತ್ತನ್ನೂ ಪಂಚಾಂಗದಲ್ಲಿ ಕೊಟ್ಟ ಸೂರ್ಯೋದಯದ ಹೊತ್ತನ್ನೂ ನೋಟುಪುಸ್ತಕದಲ್ಲಿ ಎದುರುಬದುರಾಗಿ ಬರೆದಿಡಬೇಕು. ನಗೋಯಾದ ವಿಜ್ಞಾನಿಗಳು ಕಂಡದ್ದು ತಮ್ಮ ಹಿತ್ತಲಲ್ಲೂ ಕಾಣುತ್ತದೆಯೇ ಎಂಬುದು ಗೊತ್ತಾಗುತ್ತದೆ. ಪಟ್ಟಣದ ಮಕ್ಕಳಿಗೆ ಕೂಗೇ ಕೇಳದಿದ್ದರೆ, ತಮ್ಮ ಚಿಕ್ಕಂದಿನಲ್ಲಿ ಅದು ಯಾವ ಹೊತ್ತಿಗೆ, ಯಾವ ದಿಕ್ಕಿನಿಂದ ಕೇಳುತ್ತಿತ್ತು ಎಂದು ಅಪ್ಪ ಅಮ್ಮಂದಿರು ಹೇಳಬಹುದು.